ಔಷಧಜನ್ಯ ಮಧುಮೇಹ

ಒಂದು ರೋಗವನ್ನು ಶಮನಗೊಳಿಸುವ ಔಷಧವೇ ಮತ್ತೊಂದು ರೋಗಕ್ಕೆ ಎಡೆಗೊಡುವುದುಂಟು. ೧೯೪೮ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು ಸಂಧಿವಾತದಿಂದ ನಡೆಯಲಾರದಿದ್ದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಹಾರ್ಮೋನನ್ನು ಕೊಡಲು, ಕೆಲವೇ ದಿನಗಳಲ್ಲಿ ಅವರು ಎದ್ದು ನಡೆದಾಡಿದರು. ಈ ಬಗೆಯ ಸ್ಟೆರಾಯ್ಡುಗಳು ಉಬ್ಬಸ ಮೊದಲಾದ ರೋಗಗಳಲ್ಲಿ ಇಂದಿಗೂ ಪ್ರಾಣರಕ್ಷಕಗಳು. ಆದರೆ ಇವೇ ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಅದು ಹೇಗೆಂಬುದನ್ನು ನಾವೀಗ ವಿಚಾರಿಸೋಣ.

ಸ್ಟೆರಾಯ್ಡಿನ ಪ್ರಭಾವದಿಂದ ಯಕೃತ್ತು ಹೆಚ್ಚು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳಾದರೋ ಇನ್‌ಸುಲಿನ್ನಿನ ಕರೆಗೆ ಸರಿಯಾಗಿ ಓಗೊಡದೆ, ಸಕ್ಕರೆಯನ್ನು ಕಡಿಮೆ ಹೀರಿಕೊಳ್ಳುತ್ತವೆ. ಆದಾಯ ಹೆಚ್ಚಿ ವೆಚ್ಚ ಕುಗ್ಗಿದರೆ ಶೇಖರಣೆ ಬೆಳೆಯಲೇಬೇಕಷ್ಟೆ. ಬೆಳಗ್ಗೆ ಪ್ರೆಡ್ನಿಸೊಲೋನ್ ಗುಳಿಗೆಯನ್ನು ನುಂಗಿದವರಲ್ಲಿ ಸಕ್ಕರೆ ಏರುವುದು ಮುಖ್ಯವಾಗಿ ಮಧ್ಯಾಹ್ನ ಮತ್ತು ಸಂಜೆ. ಮರುದಿನ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಅದು ಸಹಜವಾಗಿಯೇ ತೋರಬಹುದು. ನಸುಕಿನ ಉಷ್ಣತೆಯನ್ನು ಅಳೆದು ನಡುಹಗಲ ಬಿಸಿಲನ್ನು ನಿರ್ಣಯಿಸಲಾದೀತೆ? ಆದುದರಿಂದ ಮಧ್ಯಾಹ್ನದ ಊಟವಾದ ಎರಡು ಗಂಟೆಗಳ ಬಳಿಕವೂ ಪರೀಕ್ಷಿಸಬೇಕು.

ಈ ಎಚ್ಚರವಿಲ್ಲದಿದ್ದರೆ ಏನಾಗುವುದೆಂಬುದನ್ನು ನಾವು ೨೦೨೧ರಲ್ಲಿ ಕಂಡೆವು. ಕೋವಿಡ್ ಪಿಡುಗಿನ ನಡುವೆ ಕರ್ನಾಟಕವೂ ಸೇರಿದಂತೆ ಭಾರತದಲ್ಲೆಲ್ಲ ಕಪ್ಪು ಶಿಲೀಂಧ್ರ ರೋಗ ಹಬ್ಬಿ, ಅನೇಕರು ಕಣ್ಣನ್ನೋ ಪ್ರಾಣವನ್ನೋ ಕಳೆದುಕೊಂಡರು. ಹತೋಟಿ ತಪ್ಪಿದ ಸಕ್ಕರೆಯೂ ಸ್ಟೆರಾಯ್ಡಿನ ಮಿತಿಮೀರಿದ ಬಳಕೆಯೂ ಅದಕ್ಕೆ ಪ್ರಬಲ ಕಾರಣಗಳಾಗಿದ್ದವು.

ಹಾಗೆಂದು ರೋಗಿಯು ತಾನಾಗಿ ಔಷಧವನ್ನು ಥಟ್ಟನೆ ನಿಲ್ಲಿಸಬಾರದು. ಹಲವು ವಾರ ಸ್ಟೆರಾಯ್ಡು ಸೇವಿಸಿದವರಲ್ಲಿ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿರುತ್ತವೆ. ಹಠಾತ್ತಾಗಿ ಬಿಟ್ಟರೆ ಪ್ರಾಣಾಪಾಯವಾದೀತು. ವೈದ್ಯರು ಅದರ ಪ್ರಮಾಣವನ್ನು ಕ್ರಮವಾಗಿ ಇಳಿಸುವರು. ಅಗತ್ಯವಿದ್ದರೆ ಇನ್‌ಸುಲಿನ್ ಕೊಡುವರು. ಸ್ಟೆರಾಯ್ಡು ಇಳಿದಂತೆ ಇನ್‌ಸುಲಿನ್ನಿನ ಪ್ರಮಾಣವೂ ಇಳಿಯಬೇಕು. ಇಲ್ಲವಾದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಇಲ್ಲಿಯೇ ದಾಖಲೆಯ ಮಹತ್ತ್ವವಿರುವುದು. ಅಮೆರಿಕದ ಆಸ್ಪತ್ರೆಗಳು ೨೦೧೫ರ ಅಕ್ಟೋಬರಿನಿಂದ ಬಳಸುತ್ತಿರುವ ರೋಗಸಂಕೇತಗಳಲ್ಲಿ, ಹೆಚ್ಚು ಜನರಿಗಿರುವ ಎರಡನೆಯ ಬಗೆಯ ಮಧುಮೇಹಕ್ಕೆ ‘ಇ ೧೧’, ಔಷಧಜನ್ಯ ಮಧುಮೇಹಕ್ಕೆ ‘ಇ ೦೯’. ಜತೆಗೆ ಕಾರಣವಾದ ಔಷಧಕ್ಕೂ ಒಂದು ಸಂಕೇತವುಂಟು. ಸ್ಟೆರಾಯ್ಡಾದರೆ ಅದು ‘ಟಿ ೩೮.೦’ ಎಂದು ಮೊದಲಾಗುತ್ತದೆ. ‘ಇ ೧೧’ ಎಂದು ಬರೆದುಬಿಟ್ಟರೆ ಕಾರಣವು ಮರೆಯಾಗುವುದು. ಮುಂದಿನ ವೈದ್ಯರು ಇದನ್ನು ಬಾಳಿನುದ್ದದ ರೋಗವೆಂದೇ ಬಗೆದಾರು. ಆದರೆ ಔಷಧ ನಿಂತ ಮೇಲೆ ಈ ಮಧುಮೇಹವು ಹಲವರಲ್ಲಿ ಇಲ್ಲವಾಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಯಾರಲ್ಲಿ ಯಾವುದೆಂಬುದನ್ನು ಮರುಪರೀಕ್ಷೆಯೇ ಹೇಳಬೇಕು.

ಸ್ಟೆರಾಯ್ಡಿನ ಹೆಸರು, ಪ್ರಮಾಣ, ಆರಂಭಿಸಿದ ದಿನ ಇವುಗಳುಳ್ಳ ಚೀಟಿಯನ್ನು ರೋಗಿಯು ಜೋಪಾನವಾಗಿಟ್ಟುಕೊಂಡು, ಪ್ರತಿಯೊಬ್ಬ ವೈದ್ಯರಿಗೂ ತೋರಿಸುವುದು ಒಳಿತು. ಕಾರಣವನ್ನು ಅರಿತ ಚಿಕಿತ್ಸೆಯೇ ಸರಿಯಾದ ಚಿಕಿತ್ಸೆ.