ಶಿಬಿರದ ಕಲಿಕೆ: ಅಲಾಸ್ಕದ ಒಂದು ನಿದರ್ಶನ

ಉದ್ದೇಶ: ಸಮುದಾಯದ ಅರಿವನ್ನು ತರಗತಿಯ ಕಲಿಕೆಯೊಂದಿಗೆ ಹೊಂದಿಸುವ ಬಗೆಯನ್ನು ತಿಳಿಯುವುದು.

ಹಿನ್ನೆಲೆ

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ಯುಪಿಕ್, ಇನುಪಿಯಾಕ್, ಅಥಬಾಸ್ಕನ್ ಮೊದಲಾದ ಮೂಲನಿವಾಸಿ ಜನರು ನೆಲೆಸಿದ್ದಾರೆ. ಇವರ ಅನೇಕ ಹಳ್ಳಿಗಳಿಗೆ ಇಂದಿಗೂ ರಸ್ತೆಯಿಲ್ಲ. 1970ರ ದಶಕದವರೆಗೆ ಬಹುತೇಕ ಹಳ್ಳಿಗಳಲ್ಲಿ ಪ್ರೌಢಶಾಲೆಯೂ ಇರಲಿಲ್ಲ. ಮುಂದೆ ಓದಬಯಸುವ ಮಕ್ಕಳು ಮನೆಯನ್ನು ತೊರೆದು ದೂರದ ವಸತಿಶಾಲೆಗಳನ್ನು ಸೇರಬೇಕಾಗಿತ್ತು. ಅಲ್ಲಿ ವಿದ್ಯೆ ದೊರೆಯಿತು. ಆದರೆ ಹಿರಿಯರ ಒಡನಾಟವೂ ಮನೆಮಾತಿನ ಬಳಕೆಯೂ ದೂರವಾದವು. ಮಾಲಿ ಹೂಚ್ ಎಂಬ ವಿದ್ಯಾರ್ಥಿನಿಯ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯು 1976ರಲ್ಲಿ ರಾಜಿಯಲ್ಲಿ ಮುಗಿದು, ಹಳ್ಳಿಗಳಲ್ಲಿಯೇ ಪ್ರೌಢಶಾಲೆ ತೆರೆಯಲು ರಾಜ್ಯ ಸರ್ಕಾರವು ಒಪ್ಪಿತು.

ವಿಶ್ವವಿದ್ಯಾಲಯದ ಪಾತ್ರ

ಹಳ್ಳಿಯ ಪುಟ್ಟ ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಕಾಲಿಡುವುದು ಮುಂದಿನ ಕಠಿಣ ಹೆಜ್ಜೆಯಾಗಿತ್ತು. ಇದಕ್ಕಾಗಿ ಫೇರ್‌ಬ್ಯಾಂಕ್ಸ್‌ನ ಅಲಾಸ್ಕ ವಿಶ್ವವಿದ್ಯಾಲಯವು 1983ರಲ್ಲಿ ಆರು ವಾರಗಳ ಬೇಸಿಗೆ ವಸತಿ ಶಿಬಿರವನ್ನು ಆರಂಭಿಸಿತು. ಪ್ರೌಢಶಾಲಾ ವಿದ್ಯಾರ್ಥಿಗಳು ಅಲ್ಲಿ ಉಳಿದುಕೊಂಡು ಕಾಲೇಜು ಮಟ್ಟದ ಪಾಠಗಳನ್ನು ಕಲಿಯುತ್ತಾರೆ; ತಮ್ಮಂತೆಯೇ ದೂರದ ಹಳ್ಳಿಗಳಿಂದ ಬಂದ ಸಹಪಾಠಿಗಳನ್ನು ಕಾಣುತ್ತಾರೆ.

1995ರಲ್ಲಿ ಆರಂಭವಾದ ಮತ್ತೊಂದು ಯೋಜನೆಯ ನಿರ್ದೇಶಕರಲ್ಲಿ ಯುಪಿಕ್ ವಿದ್ವಾಂಸ ಆಸ್ಕರ್ ಕವಾಗ್ಲಿ ಒಬ್ಬರಾಗಿದ್ದರು. ಇದರ ಶಿಬಿರಗಳಲ್ಲಿ ಶಿಕ್ಷಕರೇ ವಿದ್ಯಾರ್ಥಿಗಳಾಗಿದ್ದರು, ಸಮುದಾಯದ ಹಿರಿಯರೇ ಗುರುಗಳಾಗಿದ್ದರು. ಈ ಯೋಜನೆಯಡಿ ನಡೆದ ವಿಜ್ಞಾನ ಮೇಳಗಳಲ್ಲಿ ಮಕ್ಕಳ ಪ್ರಯೋಗಗಳನ್ನು ವಿಜ್ಞಾನಿಗಳು ಮಾತ್ರವಲ್ಲದೆ ಹಿರಿಯರೂ ಪರಿಶೀಲಿಸಿ ಬೆಲೆಗಟ್ಟಿದರು. ಮಗುವಿನ ಉತ್ತರವು ಶಾಸ್ತ್ರಕ್ಕೂ ಒಪ್ಪಬೇಕು, ಊರಿನ ಬದುಕಿಗೂ ಒದಗಬೇಕು ಎಂಬುದು ಇದರ ತಾತ್ಪರ್ಯ.

ಅಟ್ಟಣಿಗೆಯ ಗಣಿತ

ಇದೇ ವಿಶ್ವವಿದ್ಯಾಲಯದ ಜೆರಿ ಲಿಪ್ಕಾ ಮತ್ತು ಸಂಗಡಿಗರು ಯುಪಿಕ್ ಹಿರಿಯರೊಡನೆ ಗಣಿತ ಪಾಠಗಳನ್ನು ರಚಿಸಿದರು. ಅವುಗಳಲ್ಲಿ ಒಂದು, ಮೀನು ಒಣಗಿಸುವ ಅಟ್ಟಣಿಗೆಯನ್ನು ಕುರಿತದ್ದು. ಅಟ್ಟಣಿಗೆಯ ತಳವು ಆಯತವಾಗಿರಬೇಕು. ಎದುರುಬದುರು ಬಾಹುಗಳನ್ನು ಸಮಗೊಳಿಸಿದ ಮಾತ್ರಕ್ಕೆ ಆಯತವಾಗದು. ಅದು ಓರೆಯಾಗಿಯೂ ಇರಬಹುದು. ಎರಡು ಕರ್ಣಗಳನ್ನು ಹಗ್ಗದಿಂದ ಅಳೆದು, ಅವೂ ಸಮವಾದಾಗಲೇ ಮೂಲೆಗಳು ಲಂಬಕೋನವಾಗುತ್ತವೆ. ಮನೆಯ ಪಾಯಕ್ಕೆ ಗುರುತು ಹಾಕುವಾಗ ಗಾರೆ ಮೇಸ್ತ್ರಿಗಳು ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುವುದೂ ಈ ತತ್ತ್ವದಿಂದಲೇ.

ತರಗತಿಯಲ್ಲಿ

1. ನಾಲ್ಕು ಗೂಟ ಮತ್ತು ಹಗ್ಗ ನೀಡಿ, ಶಾಲೆಯ ಅಂಗಳದಲ್ಲಿ ಆಯತ ರಚಿಸಲು ಮಕ್ಕಳಿಗೆ ಹೇಳುವುದು. ಮೂಲೆಮಟ್ಟವನ್ನು ಕೊನೆಯಲ್ಲಿ ಮಾತ್ರ ಕೊಡುವುದು.
2. ಊರಿನ ಮೇಸ್ತ್ರಿ, ನೇಕಾರ ಅಥವಾ ರೈತರೊಬ್ಬರನ್ನು ಆಹ್ವಾನಿಸಿ, ಅವರ ಅಳತೆಯ ಕ್ರಮವನ್ನು ಮಕ್ಕಳಿಂದಲೇ ಕೇಳಿಸುವುದು.
3. ಅವರು ಬಳಸಿದ ಪದಗಳನ್ನು ಪಟ್ಟಿಮಾಡಿಸುವುದು. ಮಗುವಿನ ಮನೆಮಾತು ತುಳು, ಬಡಗ, ಲಂಬಾಣಿ ಅಥವಾ ತೆಲುಗಾಗಿದ್ದರೆ ಆ ಪದವನ್ನೂ ಪಠ್ಯಪುಸ್ತಕದ ಕನ್ನಡ ಪದದ ಪಕ್ಕದಲ್ಲಿ ಬರೆಯಿಸುವುದು.

ಚರ್ಚೆಗೆ

1. ಕಲಿಕೆಗಾಗಿ ಊರು ತೊರೆಯುವ ಮಗು ಏನನ್ನು ಪಡೆಯುತ್ತದೆ, ಏನನ್ನು ಕಳೆದುಕೊಳ್ಳುತ್ತದೆ?
2. ಶಾಲೆಯ ಮೌಲ್ಯಮಾಪನದಲ್ಲಿ ಊರಿನ ಹಿರಿಯರಿಗೆ ಯಾವ ಸ್ಥಾನವನ್ನು ನೀಡಬಹುದು?