ಕೊಕ್ಕೆ ಎಲ್ಲಿರಬೇಕು? ಟ್ರಾಲಿ ಜೋಡಿಸಲು ಕಲಿಯುವವರಿಗೆ ಮೊದಲ ಪಾಠ

ಕಬ್ಬಿನ ಹಂಗಾಮಿನಲ್ಲಿ ಜಿಡಗಾ ಸುತ್ತಿನ ರಸ್ತೆಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳನ್ನು ನೀವು ನೋಡಿಯೇ ಇರುತ್ತೀರಿ. ಕೆಲವು ಆಳಂದ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ, ಕೆಲವು ಅಫಜಲಪುರ ತಾಲ್ಲೂಕಿನ ಹವಳಗಾದ ಕಡೆಗೆ ಹೋಗುತ್ತವೆ. ಮುಂದಿನ ಸಲ ನೋಡುವಾಗ ಕಬ್ಬಿನ ಮೇಲಿಂದ ಕಣ್ಣು ಇಳಿಸಿ, ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವಿನ ಆ ಒಂದು ಗೇಣು ಜಾಗವನ್ನು ನೋಡಿ. ಅಲ್ಲಿ ಒಂದು ಕೊಕ್ಕೆ, ಅದರೊಳಗೆ ಟ್ರಾಲಿಯ ಮೂತಿಯ ಕಬ್ಬಿಣದ ಬಳೆ, ಎರಡನ್ನೂ ಹಿಡಿದಿರುವ ಒಂದು ಪಿನ್ನು. ಅಷ್ಟೂ ಭಾರವನ್ನು ಎಳೆಯುವುದು ಆ ಪಿನ್ನೇ. ಈ ಜೋಡಣೆಗೆ ಹಿಚ್ ಎನ್ನುತ್ತಾರೆ. ಅದು ಎಷ್ಟು ಗಟ್ಟಿಯಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಅದು ಎಲ್ಲಿದೆ ಎಂದು ಮೊದಲು ಕೇಳುವುದನ್ನು ನೀವು ಕಲಿಯಬೇಕೆಂಬುದು ನನ್ನ ಆಸೆ.

ಎತ್ತಿನ ಬಂಡಿ ಹೂಡಿ ಗೊತ್ತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅರ್ಧ ಪಾಠ ಅವರಲ್ಲೇ ಸಿಗುತ್ತದೆ. ಹೇರನ್ನು ಬಂಡಿಯ ಹಿಂದಕ್ಕೆ ಹೆಚ್ಚು ಹಾಕಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಪಟ್ಟಿ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚು ಹಾಕಿದರೆ ನೊಗ ಹೆಗಲನ್ನು ಒತ್ತುತ್ತದೆ. ಅಚ್ಚಿನಿಂದ ತುಸು ಮುಂದೆ ಭಾರ ಬೀಳುವಂತೆ ಹೇರಿದರೆ ಎತ್ತುಗಳು ಹಗುರಾಗಿ ನಡೆಯುತ್ತವೆ. ಟ್ರಾಲಿಯ ಲೆಕ್ಕವೂ ಇದೇ.

ಟ್ರಾಲಿಗಳಲ್ಲಿ ಎರಡು ಬಗೆ. ನಾಲ್ಕು ಗಾಲಿಯ ಟ್ರಾಲಿ ತನ್ನ ಭಾರವನ್ನು ತಾನೇ ಹೊರುತ್ತದೆ. ಅದರ ಮೂತಿ ಮೇಲೆ ಕೆಳಗೆ ಮಡಚುವುದರಿಂದ ಕೊಕ್ಕೆಯ ಮೇಲೆ ಎಳೆತ ಮಾತ್ರ ಬೀಳುತ್ತದೆ. ಎರಡು ಗಾಲಿಯ ಟ್ರಾಲಿ ತನ್ನ ಭಾರದ ಒಂದು ಪಾಲನ್ನು ಕೊಕ್ಕೆಯ ಮೇಲೂ ಊರುತ್ತದೆ. ಈ ಪಾಲು ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವುದರಿಂದ ಎರೆಹೊಲದಲ್ಲಿ ಅವು ಜಾರುವುದು ಕಡಿಮೆ. ಆದರೆ ಅದೇ ಪಾಲು ಮುಂದಿನ ಗಾಲಿಗಳನ್ನು ಎತ್ತುತ್ತದೆ. ಎಷ್ಟು ಎತ್ತುತ್ತದೆ ಎಂದು ನಿಧಾನವಾಗಿ ಲೆಕ್ಕ ಹಾಕೋಣ.

ನಿಮ್ಮ ಟ್ರ್ಯಾಕ್ಟರಿನ ಮುಂದಿನ ಗಾಲಿಗಳ ಮೇಲೆ 800 ಕಿಲೋ ಭಾರವಿದೆ ಎಂದಿಟ್ಟುಕೊಳ್ಳಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 2 ಮೀಟರ್. ಕೊಕ್ಕೆ ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರ್ ಹಿಂದಿದೆ, ಟ್ರಾಲಿ ಅದರ ಮೇಲೆ 500 ಕಿಲೋ ಊರಿದೆ. 500ನ್ನು 0.8ರಿಂದ ಗುಣಿಸಿ 2ರಿಂದ ಭಾಗಿಸಿ: 200 ಬರುತ್ತದೆ. ಗಾಡಿ ನಿಂತಲ್ಲೇ ಮುಂದಿನ ಗಾಲಿಗಳ ಮೇಲಿಂದ 200 ಕಿಲೋ ಹೋಯಿತು. ಇನ್ನು ಎಳೆತ. ಹೊಲದಿಂದ ರಸ್ತೆಗೆ ಏರುವಾಗ 1,000 ಕಿಲೋ ಎಳೆತ ಬೇಕಾಯಿತು, ಕೊಕ್ಕೆ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎನ್ನಿ. 1,000ವನ್ನು 0.5ರಿಂದ ಗುಣಿಸಿ 2ರಿಂದ ಭಾಗಿಸಿದರೆ ಇನ್ನೂ 250 ಕಿಲೋ ಹೋಗುತ್ತದೆ. ಉಳಿದದ್ದು 350. ಸ್ಟೇರಿಂಗ್ ಇನ್ನೂ ಮಾತು ಕೇಳುತ್ತದೆ. ಈಗ ಅದೇ ದೂರದಲ್ಲಿ ಕೊಕ್ಕೆಯನ್ನು 90 ಸೆಂಟಿಮೀಟರಿಗೆ ಏರಿಸಿ ನೋಡಿ: 250ರ ಜಾಗದಲ್ಲಿ 450 ಆಗುತ್ತದೆ, ಉಳಿಯುವುದು ಬರೀ 150. ಏರಿನಲ್ಲಿ ಕ್ಲಚ್ಚು ಒಮ್ಮೆಲೇ ಬಿಟ್ಟರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದೇ ಬಿಡುತ್ತದೆ.

ಆದ್ದರಿಂದ ಕೊಕ್ಕೆ ತಯಾರಕರು ಕೊಟ್ಟ ಜಾಗದಲ್ಲೇ, ಕೆಳಗೇ ಇರಲಿ. ಟ್ರ್ಯಾಕ್ಟರಿನ ಹಿಂದೆ ಕೆಳಗೆರಡು, ಮೇಲೊಂದು ತೋಳುಗಳಿರುತ್ತವೆ. ಮೇಲಿನದಕ್ಕೆ ಟಾಪ್ ಲಿಂಕ್ ಎನ್ನುತ್ತಾರೆ. ನೇಗಿಲು ಮುಂತಾದ ಸಲಕರಣೆಗಳಿಗಾಗಿ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿ 1926ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಅದು. ನೇಗಿಲು ಕಲ್ಲಿಗೆ ಸಿಕ್ಕಾಗ ಟ್ರ್ಯಾಕ್ಟರು ಹಿಮ್ಮಗುಚಿ ಬೀಳುತ್ತಿದ್ದ ಕಾಲದಲ್ಲಿ ಅದನ್ನು ತಡೆಯಲು ಹುಡುಕಿದ ದಾರಿ. ಆ ಟಾಪ್ ಲಿಂಕಿನ ಜಾಗಕ್ಕೇ ಸರಪಳಿ ಕಟ್ಟಿ, ಹೂತುಹೋದ ಟ್ರಾಲಿ ಎಳೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೂತಿ ಏಳದಿರಲೆಂದು ಮುಂದೆ ಹುಡುಗರನ್ನು ಕೂರಿಸುವುದಂತೂ ಬೇಡವೇ ಬೇಡ. ಅದಕ್ಕೆಂದೇ ಕಬ್ಬಿಣದ ವೇಟ್‌ಗಳು ಸಿಗುತ್ತವೆ.

ಇಷ್ಟು ತಿಳಿದ ಮೇಲೆ ಅಮೆರಿಕದ ರೈತರ ಒಂದು ಜೋಡಣೆ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ದನ, ಹುಲ್ಲಿನ ಉಂಡೆ ಸಾಗಿಸಲು ಪಿಕಪ್ ಗಾಡಿಗೆ ಟ್ರೇಲರ್ ಹಚ್ಚುತ್ತಾರೆ. ಅದರ ಮೂತಿಯ ತೊಲೆ ಪಿಕಪ್ಪಿನ ಹಿಂಬಾಗಿಲ ಮೇಲಿಂದ ಬಾಗಿ ಬಂದು, ಸಾಮಾನು ತುಂಬುವ ತೊಟ್ಟಿಯ ನಡುವೆ ಒಂದು ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಇದಕ್ಕೆ ಗೂಸ್‌ನೆಕ್ ಹಿಚ್ ಎಂದು ಹೆಸರು. ಗುಂಡು ಇರುವುದು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ತುಸು ಮುಂದೆ. ಅಚ್ಚುಗಳ ನಡುವೆ 3 ಮೀಟರಿದ್ದು ಗುಂಡು 15 ಸೆಂಟಿಮೀಟರ್ ಮುಂದಿದ್ದರೆ, ಅದೇ 500 ಕಿಲೋ ಭಾರವು ಮುಂದಿನ ಗಾಲಿಗಳಿಗೆ 25 ಕಿಲೋ ಸೇರಿಸುತ್ತದೆ, ಏನನ್ನೂ ಕಸಿಯುವುದಿಲ್ಲ. ಎಷ್ಟು ಚೆಂದದ ಲೆಕ್ಕ! ಗುಂಡನ್ನು ತೊಟ್ಟಿಯ ತಗಡಿಗೆ ಬಿಗಿಯುವುದಿಲ್ಲ; ತಗಡಿಗೆ ತೂತು ಕೊರೆದು, ಕೆಳಗೆ ಚಾಸಿಯ ಎರಡು ಉದ್ದ ತೊಲೆಗಳಿಗೆ ಬೋಲ್ಟ್ ಮಾಡಿದ ಅಡ್ಡ ಉಕ್ಕಿನ ಮೇಲೆ ನಿಲ್ಲಿಸುತ್ತಾರೆ. ಆದರೆ ಅಂಥ ಟ್ರೇಲರಿನ ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಗುಂಡಿನ ಮೇಲೆಯೇ ಬೀಳುತ್ತದೆ. 4 ಟನ್ನಿಗೆ 600ರಿಂದ 1,000 ಕಿಲೋ. ಹಗುರ ಪಿಕಪ್ಪು ಹೊರಬಲ್ಲ ಭಾರ ಅಲ್ಲಿಗೇ ಮುಗಿದುಹೋಗಬಹುದು. ನಮ್ಮಲ್ಲಿ ಇದನ್ನು ಮಾಡಿಸುವ ಮನಸ್ಸಾದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ. ಗಾಡಿಯ ರಚನೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಡಿವಾಣ ಹಾಕಿದೆ.

ಈಗ ನಿಮ್ಮ ಕೈಯಿಂದಲೇ ಜೋಡಿಸಿ. ಟ್ರಾಲಿಯ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಟ್ರ್ಯಾಕ್ಟರನ್ನು ನೇರವಾಗಿ, ಆಮೆಯ ವೇಗದಲ್ಲಿ ಹಿಂದಕ್ಕೆ ತನ್ನಿ. ಅದು ಚಲಿಸುತ್ತಿರುವಾಗ ನಡುವೆ ಯಾರೂ ನಿಲ್ಲಬಾರದು. ನಿಲ್ಲಿಸಿ, ಬ್ರೇಕ್ ಹಾಕಿ, ಇಳಿಯಿರಿ. ಪಿನ್ನನ್ನು ಕೈಗೆ ತೆಗೆದುಕೊಂಡು ನಡುಭಾಗವನ್ನು ಬೆರಳಿನಿಂದ ಸವರಿ: ಸವೆದು ಸೊಂಟವಾಗಿದ್ದರೆ, ಬಾಗಿದ್ದರೆ, ಅದನ್ನು ಬಳಸಬೇಡಿ. ಸರಳು ತುಂಡು, ಹಳೆಯ ಬೋಲ್ಟು ಅದರ ಬದಲಿಗೆ ಸಲ್ಲವು. ಪಿನ್ನು ಮೇಲಿಂದ ಕೆಳಗೆ ಪೂರ್ತಿ ಇಳಿಯಲಿ, ಕೆಳತುದಿಯ ತೂತಿಗೆ ಕ್ಲಿಪ್ ಹಾಕಿ; ಕುಲುಕಾಟಕ್ಕೆ ಪಿನ್ನು ಮೇಲೆ ಹಾರದಂತೆ ತಡೆಯುವುದು ಅದೊಂದೇ. ಪಿನ್ನು ಮುರಿದರೂ ಟ್ರಾಲಿ ಬಿಟ್ಟುಹೋಗದಂತೆ ಸರಪಳಿ ಕಟ್ಟಿ, ತಿರುಗಲು ಬೇಕಾದಷ್ಟೇ ಸಡಿಲ ಬಿಡಿ. ರಸ್ತೆಗೆ ಇಳಿಯುವ ಮುನ್ನ ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಲಾಕ್ ಮಾಡಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆ ಎಳೆಯುತ್ತದೆ. ಕಲ್ಲು ತೆಗೆಯಿರಿ. ಹತ್ತು ಹೆಜ್ಜೆಯಷ್ಟು ಮುಂದೆ ಹೋಗಿ ನಿಲ್ಲಿಸಿ, ಇಳಿದು ಪಿನ್ನನ್ನೂ ಕ್ಲಿಪ್ಪನ್ನೂ ಮತ್ತೊಮ್ಮೆ ನೋಡಿ, ಆಮೇಲೆ ಹೊರಡಿ.