ಹಿತ್ತಲು ಕೈಕೊಟ್ಟಾಗ ಕಲಿತದ್ದು

ಸಾಗರ ಸೀಮೆಯ ನಮ್ಮ ಹಿತ್ತಲಲ್ಲಿ ಅತ್ತೆ, ನಾನು, ಮಗಳು ಸೇರಿ ತರಕಾರಿ ಬೆಳೆಯುತ್ತೇವೆ. ಅಲ್ಲಿ ಬೆಳೆ ಕಳೆದುಕೊಂಡು ಕಲಿತ ಕೆಲವನ್ನು ಬರೆಯುತ್ತಿದ್ದೇನೆ.

1. ಬಾಡಿದ ಗಿಡಕ್ಕೆ ನೀರು ಸುರಿಯುವ ಮುಂಚೆ ಕಾಂಡ ಕತ್ತರಿಸಿ ನೋಡಿ.

ಒಂದು ವರ್ಷ ಹೂ ಬಿಡುತ್ತಿದ್ದ 22 ಬದನೆ ಗಿಡ ಒಂದೇ ವಾರದಲ್ಲಿ ಸೊರಗಿದವು. ಎಲೆಯ ಹಸಿರು ಮಾಸಿರಲಿಲ್ಲ, ಆದರೆ ಜೋತುಬಿದ್ದಿತ್ತು. ನಾನು ಕೊಡ ಹಿಡಿದು ಹೊರಟೆ. "ಮಣ್ಣು ಹಸಿನೇ ಇದೆಯಲ್ಲೇ, ಮತ್ತೆಂತಕ್ಕೆ ನೀರು?" ಎಂದರು ಅತ್ತೆ. ಅವರು ಹೇಳಿದ್ದೇ ಸರಿ. ತೋಟಗಾರಿಕೆ ಓದಿದ ನೆಂಟರ ಹುಡುಗನೊಬ್ಬ ಬಂದು ಬುಡದ ಹತ್ತಿರ ನಾಲ್ಕು ಬೆರಳುದ್ದ ಕಾಂಡ ಕೊಯ್ದ. ಗಾಜಿನ ಲೋಟದ ತಿಳಿನೀರಿಗೆ ಅದರ ತುದಿ ತಾಗಿಸಿ ಹಿಡಿದ. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಂದ ಹಾಲಿನಂಥ ಬಿಳಿ ಎಳೆ ಹೊಗೆಯ ಹಾಗೆ ಕೆಳಗಿಳಿಯಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಬಂದ ಮೇಲೆ ಯಾವ ಔಷಧಿಗೂ ಗಿಡ ಉಳಿಯುವುದಿಲ್ಲ. ಹರಿಯುವ ನೀರಿನ ಜೊತೆ ಪಕ್ಕದ ಗಿಡಕ್ಕೂ ಹೋಗುತ್ತದೆ. ನಾನು ನೀರು ಹಾಕಿದ್ದರೆ ರೋಗವನ್ನೇ ಹಂಚಿದಂತಾಗುತ್ತಿತ್ತು. ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟೆವು. ಗೊಬ್ಬರದ ಗುಂಡಿಗೆ ಒಂದನ್ನೂ ಹಾಕಲಿಲ್ಲ.

2. ಬದನೆ ಸತ್ತ ಜಾಗಕ್ಕೆ ಅದರ ನೆಂಟರನ್ನು ಕರೆಯಬೇಡಿ.

ಟೊಮೆಟೊ, ಮೆಣಸಿನಗಿಡ, ಆಲೂಗಡ್ಡೆ ಬದನೆಯದೇ ಕುಲ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮೂರು ವರ್ಷ ಆ ಮಡಿಯಲ್ಲಿ ಅಲಸಂಡೆ, ಜೋಳ, ಹರಿವೆ ಹಾಕಿದೆವು. ಈಗ ಬದನೆಯನ್ನು ಸುಂಡೆ ಗಿಡಕ್ಕೆ ಕಸಿ ಕಟ್ಟುತ್ತೇವೆ. ಸುಂಡೆಯ ಬೇರು ಈ ರೋಗಕ್ಕೆ ಸುಲಭವಾಗಿ ಸೋಲುವುದಿಲ್ಲ. ಅದು ನಿಧಾನವಾಗಿ ಮೊಳೆಯುವುದರಿಂದ ಬದನೆಗಿಂತ ಎರಡು ಮೂರು ವಾರ ಮೊದಲೇ ಬೀಜ ಹಾಕಬೇಕು. ಟೊಮೆಟೊಗಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿ ಇದೆ. ಸೊರಗು ರೋಗ, ಎಲೆಮುರುಟು, ಎಲೆಚುಕ್ಕೆಯ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುತ್ತದೆ.

3. ಕೊಳೆತ ಹೀರೆಕಾಯಿ ಚಪ್ಪರದ ಬುಡದಲ್ಲೇ ಬೀಳಲು ಬಿಡಬೇಡಿ.

ಒಳಗಿನ ಬಿಳಿ ಹುಳು ಹಣ್ಣುನೊಣದ ಮರಿ. ಅದು ಮಣ್ಣಿಗಿಳಿದು ಕೋಶ ಕಟ್ಟಿ, ನೊಣವಾಗಿ ಮತ್ತೆ ಅದೇ ಚಪ್ಪರಕ್ಕೆ ಏರುತ್ತದೆ. ನಾವು ಉದುರಿದ್ದನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗೆ ಇಡುತ್ತೇವೆ. ಹಾಗಲದ ಎಳೆಗಾಯಿಗೆ ಕಾಗದದ ಚೀಲ ತೊಡಿಸುತ್ತೇವೆ. ಇಷ್ಟಕ್ಕೇ ಅರ್ಧಕ್ಕರ್ಧ ಕಾಯಿ ಉಳಿದಿದೆ.

4. ಬಸವನಹುಳುವಿಗೆ ರಾತ್ರಿಯೇ ಸರಿಯಾದ ಹೊತ್ತು.

ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಹರಡಿಟ್ಟರೆ ರಾತ್ರಿ ಅಲ್ಲಿ ಬಂದು ಸೇರುತ್ತವೆ. ಬೆಳಿಗ್ಗೆ ಕೈಗೆ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ.

5. ಮಂಗಕ್ಕೆ ಪೂರ್ತಿ ಪರಿಹಾರ ನಮಗೆ ಸಿಕ್ಕಿಲ್ಲ.

ನಮ್ಮಲ್ಲಿ ಅವು ಬಿಟ್ಟುಹೋಗಿರುವುದು ಕೆಸು, ಸುವರ್ಣಗಡ್ಡೆ, ಹಾಗಲ. ಕಾಡಿನ ಬದಿಗೆ ಇವನ್ನು ಹಾಕಿ, ಸೌತೆಯನ್ನು ಅಡುಗೆಮನೆ ಕಿಟಕಿಗೆ ಕಾಣುವಂತೆ ಬೆಳೆಸಿ.

6. ಬೀಜವನ್ನೆಲ್ಲ ಒಂದೇ ದಿನ ಹಾಕಬೇಡಿ.

ಜಡಿಮಳೆಗೆ ಬೀಜ ಕೊಳೆಯುವುದು ಮಲೆನಾಡಿನಲ್ಲಿ ವರ್ಷವೂ ಇದ್ದದ್ದೇ. ಅತ್ತೆ ಮೂರನೆಯ ಒಂದು ಪಾಲನ್ನು ಬೂದಿ ಬೆರೆಸಿ ಬಾಟಲಿಯಲ್ಲಿ ಎತ್ತಿಡುತ್ತಾರೆ.

7. ಮಕ್ಕಳ ಸಾಲು ಸತ್ತರೆ ಅದೇ ದಿನ ಹರಿವೆ ಬೀಜ ಕೊಡಿ.

ಮಗಳು ತಾನೇ ನೆಟ್ಟ ಟೊಮೆಟೊ ಸಾಲು ಒಣಗಿದಾಗ ಎರಡು ದಿನ ಹಿತ್ತಲಿಗೆ ಕಾಲಿಡಲಿಲ್ಲ. ಸಮಾಧಾನದ ಮಾತು ಅವಳಿಗೆ ನಾಟಲಿಲ್ಲ. ಅತ್ತೆ ಒಂದು ಚಿಟಿಕೆ ಬೀಜ ಅಂಗೈಗೆ ಹಾಕಿ ಬೇರೆ ಮಡಿ ತೋರಿಸಿದರು. ನಾಲ್ಕನೆಯ ದಿನ ಕೆಂಪು ಮೊಳಕೆ ಎದ್ದಿತು. ತಿಂಗಳೊಳಗೆ ಅವಳೇ ಸೊಪ್ಪು ಕೊಯ್ದು ತಂದಳು, ರಾತ್ರಿಗೆ ಹುಳಿ ಆಯಿತು.